ಮೂರನೇ ಎಳೆತಕ್ಕೆ

ಬ್ರಿಟಿಷ್ ಸೀಗಲ್ ಎಂಬ ದೋಣಿ ಎಂಜಿನ್ ಚಾಲೂ ಮಾಡುವವರ ಬೆನ್ನ ಹಿಂದೆ ಯಾರೂ ಕೂರಬಾರದು. ಅದರ ನೆತ್ತಿಯ ಮೇಲೆ ಮುಚ್ಚಳವಿಲ್ಲದೆ ಕೂತಿರುವ ಫ್ಲೈವೀಲಿನ ಕಚ್ಚಿಗೆ ಹಗ್ಗದ ಗಂಟು ಸಿಕ್ಕಿಸಿ, ಸುತ್ತಿ, ಜೋರಾಗಿ ಎಳೆದರೆ ಹಗ್ಗ ಪೂರ್ತಿ ಕಳಚಿಕೊಂಡು ಕೈಗೆ ಬರುತ್ತದೆ. ಬರುವಾಗ ಅದರ ತುದಿ ಹಿಂದಿದ್ದವರ ಕೆನ್ನೆಗೆ ಬಾರಿಸುತ್ತದೆ. ಎಂಜಿನ್ ಹೊತ್ತಿಕೊಳ್ಳದಿದ್ದರೆ ಮತ್ತೆ ಮೊದಲಿಂದ ಸುತ್ತಬೇಕು. ಇದಕ್ಕೂ ಮುಂಚೆ ಕಾರ್ಬ್ಯುರೇಟರಿನ ಪುಟ್ಟ ಗುಂಡಿ ಒತ್ತಿ ಪೆಟ್ರೋಲ್ ಜಿನುಗುವವರೆಗೆ ಕಾಯಬೇಕು, ಚೋಕ್ ಮುಚ್ಚಬೇಕು. ಮೊದಲ ಎಳೆತಕ್ಕೆ ಒಂದು ಕೆಮ್ಮು. ಎರಡನೆಯದಕ್ಕೆ ಅದೂ ಇಲ್ಲ. ಮೂರನೆಯದಕ್ಕೆ ನೀಲಿ ಹೊಗೆ, ಕಿವಿಗಡಚಿಕ್ಕುವ ಸದ್ದು. ಕ್ಲಚ್ ಇಲ್ಲದ ಮಾದರಿಯಾದರೆ ಆ ಕ್ಷಣವೇ ದೋಣಿಯೂ ಹೊರಟುಬಿಡುತ್ತದೆ, ನೀವು ಕೂತಿದ್ದೀರೋ ನಿಂತಿದ್ದೀರೋ ನೋಡುವುದಿಲ್ಲ.

ಈ ತಾಪತ್ರಯವನ್ನು ಹುಡುಕಿಕೊಂಡು ಹೋಗಿ, ದುಡ್ಡು ಕೊಟ್ಟು ಮನೆಗೆ ತರುವವರಿದ್ದಾರೆ. ಹಳೆಯ ಔಟ್‌ಬೋರ್ಡ್ ಮೋಟರ್‌ಗಳನ್ನು ಕೂಡಿಡುವುದು ಅಮೆರಿಕ, ಕೆನಡಾ, ಇಂಗ್ಲೆಂಡ್‌ಗಳಲ್ಲಿ ಬೇರೂರಿದ ಹವ್ಯಾಸ. ಅವರ ಹುಚ್ಚು ಅರ್ಥವಾಗದವರು ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಒರೆಸಿ ಓಡಿಸುವವರನ್ನು ನೆನೆಯಬಹುದು. ಅದೇ ಟೂ-ಸ್ಟ್ರೋಕ್ ವಾಸನೆ, ಪೆಟ್ರೋಲಿಗೆ ಆಯಿಲ್ ಬೆರೆಸುವ ಅದೇ ಲೆಕ್ಕಾಚಾರ.

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಯ ಹಲಗೆಗೆ ಎರಡು ತಿರುಪುಗಳಿಂದ ಕಚ್ಚಿಸುವ ಮೋಟರ್. ಮೇಲೆ ಎಂಜಿನ್, ನೀರಿನೊಳಗೆ ಪ್ರೊಪೆಲ್ಲರ್, ನಡುವೆ ಉದ್ದನೆಯ ಕಾಲು. ಕೆಲಸ ಮುಗಿದ ಮೇಲೆ ತಿರುಪು ಸಡಿಲಿಸಿ ಹೆಗಲ ಮೇಲೆ ಹೊತ್ತು ಮನೆಗೆ ತರಬಹುದು. ಇವು ಇಷ್ಟೊಂದು ಸಂಖ್ಯೆಯಲ್ಲಿ ಉಳಿದುಕೊಂಡಿರುವುದಕ್ಕೆ ಇದೇ ಕಾರಣವಿರಬೇಕು. ದೋಣಿಗಳು ಕೊಳೆತುಹೋದವು, ಮೋಟರ್‌ಗಳು ಕೊಟ್ಟಿಗೆಯ ಮೂಲೆಯಲ್ಲಿ ಗೋಡೆಗೊರಗಿ ಬದುಕಿದವು.

ಇದರ ಹುಟ್ಟಿಗೆ ಒಂದು ಐಸ್‌ಕ್ರೀಮ್ ಕಥೆಯಿದೆ. ನಾರ್ವೆಯಲ್ಲಿ ಹುಟ್ಟಿ ವಿಸ್ಕಾನ್ಸಿನ್‌ನಲ್ಲಿ ಬೆಳೆದ ಓಲೆ ಎವಿನ್‌ರೂಡ್ ಸೆಕೆಗಾಲದ ಒಂದು ದಿನ ಒಕಾಚಿ ಸರೋವರದಲ್ಲಿ ಬೆಸ್ ಕೇರಿ ಎಂಬಾಕೆಗಾಗಿ ಐಸ್‌ಕ್ರೀಮ್ ತರಲು ಹುಟ್ಟು ಹಾಕುತ್ತ ಹೋದನಂತೆ. ವಾಪಸು ಬರುವಷ್ಟರಲ್ಲಿ ಅದು ನೀರಾಗಿತ್ತಂತೆ. ಆ ಸಿಟ್ಟಿನಲ್ಲೇ ಮೋಟರ್ ಹುಟ್ಟಿತು ಎನ್ನುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಅಷ್ಟು ಹೊತ್ತಿಗೆ ಕ್ಯಾಮೆರಾನ್ ವಾಟರ್‌ಮನ್ ಎಂಬಾತ ಇಂಥದೇ ಮೋಟರನ್ನು ಡೆಟ್ರಾಯಿಟ್ ನದಿಯಲ್ಲಿ ಓಡಿಸಿ ನೋಡಿದ್ದ. ಎವಿನ್‌ರೂಡ್‌ನ ಹೆಚ್ಚುಗಾರಿಕೆ ಮೊದಲಿಗನಾದದ್ದರಲ್ಲಿ ಇಲ್ಲ, ಮಾರಿ ಗೆದ್ದದ್ದರಲ್ಲಿದೆ. ಅದರಲ್ಲೂ ಅರ್ಧ ಪಾಲು ಬೆಸ್‌ಳದು. ಮುಂದೆ ಅವನ ಹೆಂಡತಿಯಾದ ಆಕೆ ವ್ಯವಹಾರ ನೋಡಿಕೊಂಡಳು, ಹುಟ್ಟುಗೋಲನ್ನು ಬಿಸಾಡಿ ಎಂದು ಕರೆ ಕೊಡುವ ಜಾಹೀರಾತನ್ನೂ ಬರೆದಳು. 1909ರಲ್ಲಿ ಮಾರಾಟಕ್ಕೆ ಬಂದ ಆ ಮೋಟರಿನ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕಿಲೋ.

ಆ ಕಾಲದ ಮೋಟರಿಗೆ ಹಗ್ಗವೂ ಇರಲಿಲ್ಲ. ಫ್ಲೈವೀಲಿನ ಮೇಲೆ ಒಂದು ಮರದ ಹಿಡಿ. ಅದನ್ನು ಹಿಡಿದು ರಪ್ಪನೆ ತಿರುಗಿಸಿ, ತಕ್ಷಣ ಕೈ ತೆಗೆಯಬೇಕು. ಎಂಜಿನ್ ಹೊತ್ತಿಕೊಂಡ ಮೇಲೂ ಆ ಹಿಡಿ ಚಕ್ರದೊಂದಿಗೆ ಗಿರಗಿರನೆ ಸುತ್ತುತ್ತಲೇ ಇರುತ್ತದೆ, ತಡವಾದವರ ಬೆರಳ ಗೆಣ್ಣುಗಳನ್ನು ಜಜ್ಜುತ್ತದೆ. ಸಂಗ್ರಾಹಕರ ಬಾಯಲ್ಲಿ ಈ ಮೋಟರ್‌ಗಳಿಗೆ ಗೆಣ್ಣುಮುರುಕ ಎಂಬರ್ಥದ ಅಡ್ಡಹೆಸರೇ ಇದೆ. ಹೇಳುವಾಗ ದನಿಯಲ್ಲಿ ದೂರಿಗಿಂತ ಮಮತೆಯೇ ಹೆಚ್ಚು.

ಎವಿನ್‌ರೂಡ್ 1914ರಲ್ಲಿ ಕಂಪನಿಯನ್ನು ಪಾಲುದಾರನಿಗೆ ಮಾರಿದ. ಮುಂದೆ ಅಲ್ಯೂಮಿನಿಯಂ ಬಳಸಿದ, ಹಗುರವಾದ, ಎರಡು ಸಿಲಿಂಡರಿನ ಎಲ್ಟೊ ಮೋಟರಿನೊಂದಿಗೆ ಮರಳಿ ಕಣಕ್ಕಿಳಿದ. 1922ರಲ್ಲಿ ಜಾನ್ಸನ್ ಸೋದರರು ಅದಕ್ಕಿಂತಲೂ ಹಗುರವಾದದ್ದನ್ನು ತಂದರು. 1939ರಲ್ಲಿ ಕಾರ್ಲ್ ಕೀಕ್‌ಹೇಫರ್ ಕೊಂಡ ಕಾರ್ಖಾನೆಯಲ್ಲಿ, ಗಿರಾಕಿ ಬೇಡವೆಂದು ತಿರಸ್ಕರಿಸಿದ ಮೋಟರ್‌ಗಳ ರಾಶಿಯೇ ಬಿದ್ದಿತ್ತು. ಅವನ್ನು ರಿಪೇರಿ ಮಾಡಿ ಮಾರಿದ್ದರಿಂದ ಮರ್ಕ್ಯುರಿ ಎಂಬ ಮೋಟರ್ ಬ್ರ್ಯಾಂಡ್ ಹುಟ್ಟಿತು. ಎವಿನ್‌ರೂಡ್ ಹೆಸರಿನ ಔಟ್‌ಬೋರ್ಡ್‌ಗಳ ತಯಾರಿಕೆ 2020ರಲ್ಲಿ ನಿಂತಿತು.

ಅಮೆರಿಕದ ಆಂಟಿಕ್ ಔಟ್‌ಬೋರ್ಡ್ ಮೋಟರ್ ಕ್ಲಬ್ 1965ರಲ್ಲಿ ಶುರುವಾಯಿತು. ಅವರ ಕೂಟಗಳಲ್ಲಿ ಎರಡು ಬಗೆ: ಒಣ ಕೂಟ, ಒದ್ದೆ ಕೂಟ. ಒಣ ಕೂಟವೆಂದರೆ ಸಂತೆ. ಸ್ಟ್ಯಾಂಡಿನ ಮೇಲೆ ಮೋಟರ್‌ಗಳ ಸಾಲು, ಬಿಡಿಭಾಗಗಳ ಡಬ್ಬಿ, ಚೌಕಾಸಿ. ಒದ್ದೆ ಕೂಟ ಸರೋವರದ ದಂಡೆಯಲ್ಲಿ ನಡೆಯುತ್ತದೆ. ಅಲ್ಲಿ ಮೋಟರ್ ಹೊಳೆದರೆ ಸಾಲದು, ಓಡಬೇಕು. ಬೆಸ್ ಬಿಸಾಡಿ ಎಂದಿದ್ದ ಹುಟ್ಟನ್ನು ಇಲ್ಲಿಗೆ ಬರುವವರು ಮರೆಯದೆ ದೋಣಿಯಲ್ಲಿ ಇಟ್ಟುಕೊಂಡಿರುತ್ತಾರೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲೂ ಒಂದು ಔಟ್‌ಬೋರ್ಡ್ ಇದೆ, 1936ರ ವಾಟರ್‌ವಿಚ್. ನೋಡಲು ಬಲು ಸೊಗಸು. ಆದರೆ ಎಣ್ಣೆಯ ಒಂದು ತೊಟ್ಟೂ ಜಿನುಗದ ಮೋಟರಿನ ಮುಂದೆ ನಿಂತರೆ ನನಗೆ ಯಾಕೋ ಪಾಪ ಎನಿಸುತ್ತದೆ.

ಓಡಿಸುವುದು ಬಹುಮಟ್ಟಿಗೆ ಕಿಡಿ ಹುಡುಕುವ ಕೆಲಸ. ಫ್ಲೈವೀಲ್ ಎತ್ತಿದರೆ ಕೆಳಗೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ. 1950ರ ದಶಕದ ಜಾನ್ಸನ್, ಎವಿನ್‌ರೂಡ್‌ಗಳಲ್ಲಿ ಕಾಯಿಲಿನ ಹೊರಕವಚ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿರುತ್ತದೆ. ಅದನ್ನು ಬದಲಿಸಿ, ಪಾಯಿಂಟುಗಳನ್ನು ಉಜ್ಜಿ, ನೀರೆತ್ತುವ ರಬ್ಬರ್ ಚಕ್ರ ಗಟ್ಟಿಯಾಗಿದ್ದರೆ ಹೊಸದು ಹಾಕಬೇಕು. ಪ್ರೊಪೆಲ್ಲರನ್ನು ದಂಡಕ್ಕೆ ಹಿಡಿದಿಡುವ ಪಿನ್ ಕಡ್ಡಿಯಷ್ಟೇ ಇರುತ್ತದೆ. ಕಲ್ಲಿಗೆ ಬಡಿದಾಗ ಮೊದಲು ಮುರಿಯಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅಗ್ಗದ ಆ ತುಂಡು ಸತ್ತು ಗೇರನ್ನು ಉಳಿಸುತ್ತದೆ. ಜೇಬಿನಲ್ಲಿ ಇನ್ನೊಂದು ಇಟ್ಟುಕೊಳ್ಳದೆ ನೀರಿಗಿಳಿದವರು ಹುಟ್ಟು ಹಾಕಿಕೊಂಡೇ ದಡ ಸೇರಬೇಕು.

ಹೊಗೆಯ ವಿಚಾರ ಮುಚ್ಚಿಡುವಂತಿಲ್ಲ. ಹಳೆಯ ಸೀಗಲ್‌ಗಳಿಗೆ ಹತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್ ಬೇಕು. ಓಡಿದ ದಾರಿಯುದ್ದಕ್ಕೂ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಬಿಡುತ್ತವೆ. ಅಮೆರಿಕದ ಟಾಹೋ ಸರೋವರದಲ್ಲಿ 1999ರಿಂದಲೇ ಕಾರ್ಬ್ಯುರೇಟರಿನ ಟೂ-ಸ್ಟ್ರೋಕ್‌ಗಳಿಗೆ ನಿಷೇಧವಿದೆ. ಅದು ಸರಿಯೇ. ದಿನವಿಡೀ ಓಡುವ ನೂರಾರು ದೋಣಿಗಳಿಗೆ ಇಂಥ ಮೋಟರ್ ಹಾಕಿದರೆ ಮೀನಿಗೂ ಉಳಿಗಾಲವಿಲ್ಲ. ವರ್ಷಕ್ಕೆ ನಾಲ್ಕಾರು ಗಂಟೆ ಓಡಿಸುವವರನ್ನು ಮಾತ್ರ ನಾನು ಕ್ಷಮಿಸುತ್ತೇನೆ.

ನಮ್ಮ ಕರಾವಳಿಯಲ್ಲೂ ಔಟ್‌ಬೋರ್ಡ್ ಉಂಟು, ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೆ. ಉಡುಪಿ, ಉತ್ತರ ಕನ್ನಡದ ನಾಡದೋಣಿಗಳಲ್ಲಿ ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್‌ಗಳು ಬಳಕೆಗೆ ಬಂದು ದಶಕಗಳಾದವು. ಉಪ್ಪುನೀರು, ಮರಳು, ದಿನಾ ದುಡಿತ. ಅಲ್ಲಿ ಎಂಜಿನ್ ಮುದಿಯಾಗುವಷ್ಟು ದಿನ ಬದುಕುವುದು ಕಷ್ಟ. ಸಂಗ್ರಹಕ್ಕೆ ಒದಗುವುದು ಕೆರೆ, ಸರೋವರದ ಸಿಹಿನೀರಿನಲ್ಲಿ ಭಾನುವಾರಗಳಂದು ಮಾತ್ರ ಓಡಿದ ಮೋಟರ್.

ಹಾಗೆ ಉಳಿದದ್ದಕ್ಕೂ ಆರೈಕೆ ತಪ್ಪಿದ್ದಲ್ಲ. ದಡಕ್ಕೆ ಬರುವ ಹೊತ್ತಿಗೆ ಟ್ಯಾಂಕಿನ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ತೀರಿ ಎಂಜಿನ್ ತಾನಾಗಿ ನಿಲ್ಲಲು ಬಿಡಬೇಕು. ಇಲ್ಲದಿದ್ದರೆ ಅದು ಒಳಗೇ ಅಂಟಾಗಿ ಕೂರುತ್ತದೆ. ಕಳಚಿದ ಮೋಟರನ್ನು ಕೂಡಲೇ ಮಲಗಿಸಬಾರದು, ಕಾಲಿನಲ್ಲಿ ನಿಂತ ನೀರು ಸಿಲಿಂಡರಿಗೆ ಹರಿದೀತು. ಸ್ಟ್ಯಾಂಡಿಗೆ ನೇತುಹಾಕಿ, ಕೊನೆಯ ಹನಿ ತೊಟ್ಟಿಕ್ಕುವವರೆಗೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ.