ಕಿಲೋ ತೂಕದ ಕೂಸು, ತೀರದ ಋಣ

ಅಸುಂಡಿ: “ಏಳು ತಿಂಗಳ ಕೂಸು ಬದುಕ್ತೈತಿ, ಎಂಟು ತಿಂಗಳದ್ದು ಉಳಿಯೂದಿಲ್ಲ” ಎಂಬ ಮಾತು ಗದಗ ಸೀಮೆಯ ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ ಇವತ್ತಿಗೂ ಉಂಟು. ಮಾತು ಹಳೆಯದು, ಆದರೆ ನಿಜವಲ್ಲ. ತಾಯಿಯ ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಕಳೆದಷ್ಟೂ ಕೂಸಿನ ಶ್ವಾಸಕೋಶ ಗಟ್ಟಿಯಾಗುತ್ತದೆ. ಎಂಟು ತಿಂಗಳದ್ದಕ್ಕೇ ಬದುಕುವ ಅವಕಾಶ ಹೆಚ್ಚು. ಇನ್ನು ಏಳು ತಿಂಗಳದ್ದು ಬದುಕಿತೆಂದರೆ ಅದು ಹಣೆಬರಹದಿಂದಲ್ಲ, ರಾತ್ರಿಯಿಡೀ ಕಣ್ಣು ಮುಚ್ಚದೆ ಕಾದವರಿಂದ.

ಅಸುಂಡಿಯಂಥ ಊರಿನವರಿಗೆ ಈ ಕಾಯುವವರು ಹತ್ತಿರ ಬಂದದ್ದು ತೀರ ಈಚೆಗೆ. 1997ರಲ್ಲಿ ಜಿಲ್ಲೆಯಾಗುವವರೆಗೆ ಗದಗ ಧಾರವಾಡ ಜಿಲ್ಲೆಯ ಒಂದು ತಾಲೂಕು. ಕಠಿಣ ಕೇಸು ಅಂದರೆ ಹುಬ್ಬಳ್ಳಿಯ ದಾರಿ. ಗಾಡಿಯ ಗಾಳಿಗೆ ತಣ್ಣಗಾದ ಕಿಲೋ ತೂಕದ ಕೂಸು ಅಷ್ಟು ದೂರ ತಾಳುವುದು ಕಷ್ಟವಿತ್ತು. ಈಗ ಗದಗಿನ ಮಲ್ಲಸಮುದ್ರದಲ್ಲಿ ಜಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಸಣ್ಣ ಕೂಸುಗಳಿಗಾಗಿ ಜಿಲ್ಲಾ ಮಟ್ಟದಲ್ಲೇ ವಿಶೇಷ ಆರೈಕೆ ಘಟಕ ಇರಬೇಕೆಂಬ ಏರ್ಪಾಡು ಬಂದಿದೆ. ದೇಶದಲ್ಲಿ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಇಂಥ ಘಟಕ ಮೊದಲು ತೆರೆದದ್ದು 2003ರಲ್ಲಿ, ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ.

ಗಾಜಿನ ಆಚೆ ಏನು ನಡೆಯುತ್ತದೆ?

ಮಂದಿಗೆ ಕಾಣುವುದು ಗಾಜು, ನೀಲಿ ಬೆಳಕು, ಪೀಂ ಪೀಂ ಎನ್ನುವ ಯಂತ್ರ. ನೀಲಿ ಬೆಳಕು ಕಾಮಾಲೆಗೆ. ಮೇಲಿನಿಂದ ಬಿಸಿ ಬಿಡುವ ಯಂತ್ರ ಮೈ ತಣ್ಣಗಾಗದಿರಲಿಕ್ಕೆ. ಆದರೆ ಯಂತ್ರ ಕೂಗುತ್ತದೆ ಅಷ್ಟೇ, ಕೂಸನ್ನು ಎತ್ತುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸು ಉಸಿರಾಡುವುದನ್ನೇ ಮರೆತುಬಿಡುವುದುಂಟು. ಆಗ ಸಿಸ್ಟರ್ ಓಡಿಬಂದು ಅಂಗಾಲಿಗೆ ಬೆರಳಿನಿಂದ ತಟ್ಟಿ ನೆನಪು ಮಾಡಿಕೊಡಬೇಕು. ಎರಡು ತಾಸಿಗೊಮ್ಮೆ ನಳಿಕೆಯಲ್ಲಿ ಚಮಚದ ಲೆಕ್ಕದಲ್ಲಿ ತಾಯಿ ಹಾಲು ಬಿಡಬೇಕು. ಪ್ರತಿ ಕೂಸನ್ನು ಮುಟ್ಟುವ ಮುಂಚೆ ಕೈ ತೊಳೆಯಬೇಕು, ಪಾಳಿಯೊಂದರಲ್ಲಿ ಎಷ್ಟು ಸಲವೋ ಲೆಕ್ಕವಿಲ್ಲ.

ಕೂಸು ಮನೆಗೆ ಹೊರಟ ದಿನ ಪೇಢೆ ಬರುತ್ತದೆ, ಕಾಯಿ ಒಡೆಯುತ್ತಾರೆ. ದೊಡ್ಡ ಡಾಕ್ಟರ ಕಾಲು ಮುಟ್ಟುವ ಅಜ್ಜಿಯರೂ ಉಂಟು. ತಪ್ಪೇನಿಲ್ಲ, ಡಾಕ್ಟರರ ಪಾಲೂ ದೊಡ್ಡದೇ. ಆದರೆ ರಾತ್ರಿ ಮೂರು ಗಂಟೆಗೆ ಅಂಗಾಲು ತಟ್ಟಿದ ಸಿಸ್ಟರ್ ಹೆಸರು ಎಷ್ಟು ಮನೆಯವರಿಗೆ ಗೊತ್ತು? ಆಕೆ ಅಷ್ಟೊತ್ತಿಗೆ ಪಾಳಿ ಮುಗಿಸಿ ಬಸ್ ಹತ್ತಿರುತ್ತಾಳೆ. ಪೇಢೆ ತಿನ್ನುವವರು ಮುಂದಿನ ಪಾಳಿಯವರು!

ಜಾತ್ರೆಯ ಟಿಕೇಟಿನಿಂದ ಬದುಕಿದ ಕೂಸು

ಋಣ ನೆನೆಯುವುದು ಹೇಗೆಂದು ತಿಳಿಯಲು ಅಮೆರಿಕದ ಒಂದು ಕಥೆ ಕೇಳಬೇಕು. ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಎಂಬ ಜಾತ್ರೆಯಂಥ ಮೋಜಿನ ತಾಣದಲ್ಲಿ ಮಾರ್ಟಿನ್ ಕೌನಿ ಎಂಬಾತ 1903ರಿಂದ 1943ರವರೆಗೆ ಅವಧಿಪೂರ್ವ ಕೂಸುಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶನ ಮಾಡುತ್ತಿದ್ದ. ನೋಡಲು 25 ಸೆಂಟ್ಸ್ ಟಿಕೇಟು. ಆ ರೊಕ್ಕದಿಂದಲೇ ನರ್ಸುಗಳ ಪಗಾರ, ಕೂಸುಗಳ ಆರೈಕೆ. ತಾಯ್ತಂದೆಯರಿಂದ ಒಂದು ಕಾಸೂ ಇಲ್ಲ. ಆಸ್ಪತ್ರೆಗಳು ಕೈಬಿಟ್ಟ ಸಾವಿರಾರು ಕೂಸುಗಳು ಅಲ್ಲಿ ಬದುಕಿದವು.

ಅವುಗಳಲ್ಲೊಂದು 1920ರಲ್ಲಿ ಹುಟ್ಟಿದ ಲುಸಿಲ್ ಹಾರ್ನ್. ತೂಕ ಒಂದು ಕಿಲೋಕ್ಕೂ ಕಡಿಮೆ. ಆಸ್ಪತ್ರೆಯವರು ಆಸೆ ಇಲ್ಲ ಎಂದಾಗ ಅಪ್ಪ ಕಂಬಳಿಯಲ್ಲಿ ಸುತ್ತಿ, ಟ್ಯಾಕ್ಸಿ ಹಿಡಿದು ಜಾತ್ರೆಗೇ ಒಯ್ದ. ಕೂಸು ಉಳಿಯಿತು. ಬೆಳೆದ ಮೇಲೆ ಆಕೆ ತಾನೇ ಹೋಗಿ ಕೌನಿಗೆ ಪರಿಚಯ ಹೇಳಿಕೊಂಡಳು. ಆಗ ಆತ ಅಲ್ಲೇ ತನ್ನ ಕೂಸನ್ನು ನೋಡುತ್ತ ನಿಂತಿದ್ದ ಒಬ್ಬ ತಂದೆಗೆ ಇವಳನ್ನು ತೋರಿಸಿ, ಇವಳೂ ಇಲ್ಲಿಯ ಕೂಸೇ, ನಿನ್ನದೂ ಹೀಗೇ ಬೆಳೆಯುತ್ತದೆ ಎಂದನಂತೆ. ಲುಸಿಲ್ 96 ವರ್ಷ ಬಾಳಿ 2017ರಲ್ಲಿ ತೀರಿಕೊಂಡಳು.

ಬದುಕಿದ ಕೂಸನ್ನು ಮರಳಿ ತಂದು ತೋರಿಸುವುದಕ್ಕಿಂತ ದೊಡ್ಡ ಸನ್ಮಾನ ಬೇರೆ ಬೇಕೆ? ಅಂದು ಗಾಜಿನ ಹೊರಗೆ ನಿಂತಿರುವ ಇನ್ನೊಬ್ಬ ಅಪ್ಪನಿಗೆ ಅದರಿಂದಲೇ ಧೈರ್ಯ.

ಮನೆಗೆ ಬಂದ ಮೇಲೆ ಮುಗಿಯಲಿಲ್ಲ

ಮರಳಿ ತೋರಿಸುವುದು ಬರೀ ಸನ್ಮಾನವಲ್ಲ, ಕೂಸಿನ ಕಣ್ಣಿನ ಪ್ರಶ್ನೆ. 34 ವಾರಕ್ಕೆ ಮುಂಚೆ ಹುಟ್ಟಿದ, ಇಲ್ಲವೇ ಎರಡು ಕಿಲೋಕ್ಕಿಂತ ಕಡಿಮೆ ತೂಕದ ಕೂಸಿನ ಕಣ್ಣಿನ ಒಳಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಅಪಾಯ ಉಂಟು. ಮೂವತ್ತು ದಿನದೊಳಗೆ ಪರೀಕ್ಷೆ ಆಗಬೇಕು. ಹೊರಗಿನಿಂದ ಕಣ್ಣು ಚೆಂದವೇ ಕಾಣುತ್ತದೆ, ತಡವಾದರೆ ಜನ್ಮಪೂರ್ತಿ ಕತ್ತಲೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್ರಾಪ್ ಎಂಬ ಯೋಜನೆ ಶುರುಮಾಡಿ, ತರಬೇತಾದ ತಂತ್ರಜ್ಞರು ಕ್ಯಾಮರಾ ಸಮೇತ ಊರೂರಿನ ಶಿಶು ಘಟಕಗಳಿಗೇ ಹೋಗಿ ಚಿತ್ರ ತೆಗೆದು ದೂರದ ವೈದ್ಯರಿಗೆ ಕಳಿಸುವ ದಾರಿ ತೋರಿಸಿಕೊಟ್ಟಿತು. ಅಷ್ಟು ಮಾಡಿದರೂ “ಕೂಸು ಆರಾಮ ಐತಿ, ಯಾಕ ಹೋಗೂದು” ಎಂದು ಮನೆಯವರೇ ಕೂತರೆ ಯಾರೇನು ಮಾಡಿಯಾರು?

ಎರಡನೆಯದು ಎದೆಯ ಕಾವು. ಕೂಸನ್ನು ಬರಿ ಎದೆಗೆ ಒರಗಿಸಿ ಬಟ್ಟೆಯಿಂದ ಕಟ್ಟಿಕೊಳ್ಳುವ ಕಾಂಗರೂ ಪದ್ಧತಿ 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೊಟಾ ಆಸ್ಪತ್ರೆಯಲ್ಲಿ ಶುರುವಾದದ್ದು. ಪೆಟ್ಟಿಗೆ ಸಾಲದ ಬಡತನದಲ್ಲಿ ಹುಟ್ಟಿದ ಉಪಾಯ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗೆ ಹಾಕಿದ ಸಣ್ಣ ಕೂಸುಗಳಲ್ಲಿ ತಿಂಗಳೊಳಗೆ ತೀರಿಕೊಂಡವು ನೂರಕ್ಕೆ 12. ಮೊದಲು ಯಂತ್ರದ ಕೆಳಗೇ ಇಟ್ಟವುಗಳಲ್ಲಿ ಸುಮಾರು 16. ಇದನ್ನು ಇಡೀ ಜಿಲ್ಲೆಗೆ ಹಬ್ಬಿಸುವುದು ಹೇಗೆಂದು ನೋಡಲು ಕರ್ನಾಟಕದಲ್ಲಿ ಆರಿಸಿಕೊಂಡದ್ದು ಪಕ್ಕದ ಕೊಪ್ಪಳ ಜಿಲ್ಲೆಯನ್ನೇ. ಸಿಸ್ಟರ್ ಕಲಿಸಿಕೊಟ್ಟ ಈ ಕೆಲಸ ಮನೆಯಲ್ಲೂ ಮುಂದುವರಿಯಬೇಕು. ತಾಯಿಗೆ ದಣಿವಾದರೆ ಅಪ್ಪನೂ ಅಂಗಿ ಬಿಚ್ಚಿ ಕೂಡಬಹುದು, ನಾಚಿಕೆ ಬೇಡ.

ಕೈಗೆ ನೋಟಲ್ಲ, ಪಾಳಿಗೆ ಕೈ

ಇನ್ನೊಂದು ಮಾತು ವ್ಯಾಪಾರಸ್ಥರಿಗೂ ತಿಳಿದಿರಲಿ. 2011ರ ಜೂನ್ 1ರಂದು ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಔಷಧ, ಪರೀಕ್ಷೆ, ರಕ್ತ, ವಾಹನ ಎಲ್ಲವೂ ಪುಕ್ಕಟೆ. ಸಾಲ ಮಾಡಿ ಯಾರ ಕೈಗೂ ನೋಟು ಇಡಬೇಕಾಗಿಲ್ಲ. ಹಾಗೆ ಇಟ್ಟರೆ ಅದು ಋಣ ತೀರಿಸಿದಂತೆಯೂ ಅಲ್ಲ.

ಮೂರು-ನಾಲ್ಕು ಹಾಸಿಗೆಗೆ ಪಾಳಿಗೊಬ್ಬ ನರ್ಸ್ ಇರಬೇಕೆಂಬುದು ಕೇಂದ್ರದ ಮಾರ್ಗಸೂಚಿ. ಒಬ್ಬರಿಗೆ ಎಂಟು-ಹತ್ತು ಕೂಸು ಬಿದ್ದರೆ, ಒಂದರ ಅಂಗಾಲು ತಟ್ಟುವಾಗ ಇನ್ನೊಂದರ ಉಸಿರು ನಿಂತೀತು. ಎಲ್ಲಾದರೂ ಅಂಥ ವಾರ್ಡು ಕಂಡರೆ ಸಿಸ್ಟರ್ ಮೇಲೆ ರೇಗುವುದು ಬಿಟ್ಟು, ಹುದ್ದೆ ಯಾಕೆ ತುಂಬಿಲ್ಲ ಎಂದು ಓಟು ಕೇಳಲು ಬಂದವರನ್ನು ಕೇಳಬೇಕು. ರಸ್ತೆ, ಗಟಾರಕ್ಕೆ ಅರ್ಜಿ ಬರೆಯುವ ಊರಿನವರು ಇದಕ್ಕೂ ಒಂದು ಅರ್ಜಿ ಬರೆಯಲಿ. ಕೂಸನ್ನು ಉಳಿಸಿಕೊಂಡು ಬಂದ ಮನೆಯವರೇ ಮೊದಲ ಸಹಿ ಹಾಕಲಿ.