ಗಡಿಯಾರದ ಕಾರ್ಖಾನೆಯೂ ಬೆಣಚುಕಲ್ಲೂ

ಬಡವನಹಳ್ಳಿಯಿಂದ ಮಧುಗಿರಿಗೆ ಬರುವವರಿಗೆ ಅಲ್ಲಿಯ ಏಕಶಿಲಾ ಬೆಟ್ಟವು ದೂರದಿಂದಲೇ ಗೋಚರಿಸುತ್ತದೆ. ಇಂಥ ಬೆಟ್ಟಗಳ ಗ್ರಾನೈಟ್ ಶಿಲೆಯ ಚೂರೊಂದನ್ನು ಬಿಸಿಲಿಗೆ ಹಿಡಿದರೆ ಗಾಜಿನಂತೆ ಹೊಳೆಯುವ ಕಣಗಳು ಕಾಣುತ್ತವೆ. ಅವೇ ಬೆಣಚುಕಲ್ಲಿನ, ಎಂದರೆ ಕ್ವಾರ್ಟ್ಸ್ ಖನಿಜದ, ಹರಳುಗಳು. ಇಷ್ಟು ಸಾಮಾನ್ಯವಾದ ಈ ವಸ್ತುವು ಇದೇ ಜಿಲ್ಲೆಯ ದೊಡ್ಡ ಉದ್ಯಮವೊಂದರ ಯಂತ್ರಗಳನ್ನು ಹಳತಾಗಿಸಿತೆಂದರೆ ಆಶ್ಚರ್ಯವಲ್ಲವೆ? ಅದು ಹೇಗೆಂಬುದನ್ನು ಪರಿಶೀಲಿಸೋಣ.

ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಯನ್ನು ಕೈಗೊಂಡಿತು. ತುಮಕೂರಿನ ಗಡಿಯಾರ ಕಾರ್ಖಾನೆ 1978ರಲ್ಲಿ ಹುಟ್ಟಿತು. 'ಜನತಾ' ಮೊದಲಾದ ಎಚ್.ಎಂ.ಟಿ. ಗಡಿಯಾರಗಳು ಕಟ್ಟದ ಊರಿರಲಿಲ್ಲವೆಂದರೂ ಸಲ್ಲುತ್ತದೆ.

ಕೀ ಕೊಡುವ ಇಂಥ ಗಡಿಯಾರದ ಹೃದಯವೆಂದರೆ ಅತ್ತಿತ್ತ ಓಲಾಡುವ ಒಂದು ಪುಟ್ಟ ಚಕ್ರ ಮತ್ತು ಅದನ್ನು ಹಿಡಿದೆಳೆಯುವ ಕೂದಲೆಳೆಯಷ್ಟು ತೆಳುವಾದ ಸುರುಳಿ. 'ಜನತಾ' ಗಡಿಯಾರದಲ್ಲಿ ಈ ಚಕ್ರವು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ, ಬಡಿಯುತ್ತದೆ. ಎಣ್ಣೆ ಗಟ್ಟಿಯಾದರೆ, ಕೈ ಓರೆಯಾದರೆ, ಬಿಸಿಲು ಏರಿದರೆ ಈ ಬಡಿತ ತುಸು ಬದಲಾಗುತ್ತದೆ. ಹತ್ತು ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸವಾದರೂ ದಿನದ 86,400 ಸೆಕೆಂಡುಗಳಲ್ಲಿ 8.64 ಸೆಕೆಂಡು ತಪ್ಪುತ್ತದೆ.

ಇತ್ತ ಬೆಣಚುಕಲ್ಲಿನ ಗುಣವನ್ನು ನೋಡಿ. ಅದರ ಹರಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ. ಇಂಥ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ವಿದ್ಯುತ್ತನ್ನು ಹಾಯಿಸಿದರೆ ಹರಳು ತಾನೇ ಬಾಗುತ್ತದೆ. ಆದಕಾರಣ ತಕ್ಕ ಅಳತೆಗೆ ಕತ್ತರಿಸಿದ, ಕವಲುಳ್ಳ ಒಂದು ಹರಳನ್ನು ಸಣ್ಣ ಬ್ಯಾಟರಿಯಿಂದ ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಮಾಡಬಹುದು. ಈ ಸಂಖ್ಯೆಯನ್ನೇ ಆರಿಸಿದ್ದೇಕೆ? ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆಯಿದು. ವಿದ್ಯುನ್ಮಂಡಲವು ಇದನ್ನು ಹದಿನೈದು ಸಲ ಅರ್ಧಿಸಿದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಉಳಿಯುತ್ತದೆ. ಅದು ಮುಳ್ಳನ್ನು ಒಂದು ಹೆಜ್ಜೆ ನಡೆಸುತ್ತದೆ. ಇಂಥ ಗಡಿಯಾರವು ತಿಂಗಳಿಗೆ ಸುಮಾರು 15 ಸೆಕೆಂಡಿನಷ್ಟು ಮಾತ್ರ ತಪ್ಪೀತು. ಅಂದರೆ ಹತ್ತು ಲಕ್ಷದಲ್ಲಿ ಆರು ಪಾಲು.

ಜಪಾನಿನ ಸೈಕೊ ಕಂಪನಿಯು ಮೊತ್ತಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು 1969ರ ಡಿಸೆಂಬರ್ 25ರಂದು ಮಾರುಕಟ್ಟೆಗೆ ತಂದಿತು. ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮದಲ್ಲಿ 1970ರಲ್ಲಿ ಸುಮಾರು 90,000 ಕೆಲಸಗಾರರಿದ್ದರು. 1980ರ ದಶಕದ ನಡುವಿನ ಹೊತ್ತಿಗೆ ಅವರ ಸಂಖ್ಯೆ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯಿತು.

ಕಾರ್ಖಾನೆಯ ದೃಷ್ಟಿಯಿಂದ ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಯಂತ್ರಗಳು ಕೆಟ್ಟಿರಲಿಲ್ಲ. ಹಲ್ಲುಚಕ್ರಗಳನ್ನು ಕೊರೆಯುವ ಲೇತುಗಳೂ, ಸುರುಳಿಯನ್ನು ಹೊಂದಿಸುವ ನುರಿತ ಬೆರಳುಗಳೂ ಎಂದಿನಂತೆಯೇ ಕೆಲಸ ಮಾಡುತ್ತಿದ್ದವು. ಆದರೆ ನಿಖರತೆಯ ಭಾರವು ಅವುಗಳ ಮೇಲಿನಿಂದ ಹರಳಿನ ಮೇಲೂ ವಿದ್ಯುನ್ಮಂಡಲದ ಮೇಲೂ ಸರಿದುಹೋಯಿತು. ಹೀಗಾದಾಗ ಒಂದು ಲೇತಿನ ಬದಲಿಗೆ ಇನ್ನೂ ವೇಗದ ಲೇತನ್ನು ತಂದಿಟ್ಟರೆ ಪ್ರಯೋಜನವಿಲ್ಲ. ಸಾಮಗ್ರಿ, ತರಬೇತಿ, ಮಾರಾಟ ಎಲ್ಲವೂ ಒಟ್ಟಿಗೆ ಬದಲಾಗಬೇಕು.

ಎಚ್.ಎಂ.ಟಿ.ಗೆ ಈ ವಿದ್ಯೆ ತಿಳಿಯದೆ ಇರಲಿಲ್ಲ. 1980ರ ದಶಕದ ಆರಂಭದಲ್ಲಿಯೇ ಅದು ಕ್ವಾರ್ಟ್ಸ್ ಗಡಿಯಾರವನ್ನು ಹೊರತಂದಿತ್ತು. ಆದರೂ ಅದರ ಒಲವು ಬಹುಕಾಲ ಕೀ ಕೊಡುವ ಗಡಿಯಾರಗಳ ಮೇಲೆಯೇ ಉಳಿಯಿತು. 1984ರಲ್ಲಿ ಸ್ಥಾಪಿತವಾಗಿ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟನ್ ಸಂಸ್ಥೆಗೆ ಹಳೆಯ ಯಂತ್ರಗಳ ಹೊರೆಯಿರಲಿಲ್ಲ. ಅದು ಮೊದಲಿನಿಂದಲೂ ಕ್ವಾರ್ಟ್ಸನ್ನೇ ನೆಚ್ಚಿತು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿತು. ಇದಕ್ಕೆ ಹರಳೊಂದೇ ಕಾರಣವೆನ್ನಲಾಗದು. ಬೆಲೆ, ವಿನ್ಯಾಸ, ಆಡಳಿತ ಎಲ್ಲಕ್ಕೂ ಅದರಲ್ಲಿ ಪಾಲುಂಟು. ಆದರೆ ತಡವಾದ ಬದಲಾವಣೆಯ ಬೆಲೆಯನ್ನು ತೆತ್ತವರು ಕೆಲಸಗಾರರ ಕುಟುಂಬಗಳು ಎಂಬುದನ್ನು ಮರೆಯಲಾಗದು.

ಈ ವಿಚಾರವು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಊರಿನ ಅಂಗಡಿಯಲ್ಲಿ ಲೆಕ್ಕವಿಡುವ ಕಂಪ್ಯೂಟರನ್ನೇ ತೆಗೆದುಕೊಳ್ಳಿ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪೆಟ್ಟಿಗೆಯೇನೋ ಓಡುತ್ತದೆ, ಆದರೆ ಹೊಸ ರಕ್ಷಣೆ ದೊರೆಯದಿದ್ದರೆ ಲೆಕ್ಕಪತ್ರಗಳಿಗೆ ಅಪಾಯ ತಪ್ಪದು. ಹಾಗೆಂದು ಎಲ್ಲವನ್ನೂ ಗುಜರಿಗೆ ಹಾಕಬೇಕಾಗಿಲ್ಲ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕನ್ನು ತೆಗೆದು, ಚಲಿಸುವ ಭಾಗಗಳಿಲ್ಲದ ಎಸ್.ಎಸ್.ಡಿ.ಯನ್ನು ಹಾಕಿದರೆ ಎಷ್ಟೋ ಹಳೆಯ ಪೆಟ್ಟಿಗೆಗಳು ಚುರುಕಾಗುತ್ತವೆ. ಆದರೆ ರಕ್ಷಣೆಯ ಕೊರತೆಯನ್ನು ಅದು ನೀಗದು. ಆದುದರಿಂದ ಯಾವ ಯಂತ್ರವನ್ನೇ ಆಗಲಿ ಬದಲಾಯಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಕೆಟ್ಟಿದೆಯೆ, ಅಥವಾ ಇದರ ಕೆಲಸವೇ ಬೇರೆ ಕಡೆಗೆ ಸರಿದಿದೆಯೆ? ಒಂದು ಭಾಗವನ್ನು ಬದಲಾಯಿಸಿದರೆ ಸಾಕೆ? ಇದನ್ನು ನಡೆಸುತ್ತಿರುವವರಿಗೆ ಹೊಸದನ್ನು ಕಲಿಸುವವರು ಯಾರು? ನಾಳೆ ಉದ್ಯಮಗಳನ್ನು ನಡೆಸಲಿರುವ ವಿದ್ಯಾರ್ಥಿಗಳು ಮೂರನೆಯ ಪ್ರಶ್ನೆಯನ್ನು ಮೊದಲು ಕೇಳಲೆಂಬುದು ನಮ್ಮ ಆಶಯ.