ಬೋರಲು ಹಾಕಿದ ಜಾಡಿ

ಬೆಂಗಳೂರಿನ ರಾಜಾಜಿನಗರದ ಹಳೆಯ ಮನೆಗಳು ಒಂದೊಂದಾಗಿ ನೆಲಸಮವಾಗಿ ಅವುಗಳ ನಿವೇಶನದಲ್ಲಿ ನಾಲ್ಕಂತಸ್ತಿನ ಕಟ್ಟಡಗಳೇಳುತ್ತಿರುವ ಈ ದಿನಗಳಲ್ಲಿ, ಅಟ್ಟದಿಂದಿಳಿದ ತಾಮ್ರದ ಹಂಡೆಯನ್ನೂ ಹಿತ್ತಾಳೆಯ ಕೊಳಗವನ್ನೂ ತೂಗಿಕೊಂಡು ಹೋಗುವ ಗುಜರಿಯವನು ಉಪ್ಪಿನಕಾಯಿಯ ಜಾಡಿಯನ್ನು ಮಾತ್ರ ಕಾಂಪೌಂಡಿನ ಮೇಲೆಯೇ ಬಿಟ್ಟುಹೋಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಕರಗಿಸಲು ಬಾರದ ವಸ್ತುವಿಗೆ ಅವನ ತಕ್ಕಡಿಯಲ್ಲಿ ಬೆಲೆಯಿಲ್ಲ. ಮೇಲ್ಭಾಗ ಜೇನಿನ ಬಣ್ಣ, ಕೆಳಭಾಗ ಕೆನೆಯ ಬಣ್ಣದ ಅಂಥದೇ ಒಂದು ಜಾಡಿ, ನನ್ನ ಅಜ್ಜಿಯದು, ಈಗ ನನ್ನ ಪಾಲಿಗೆ ಬಂದಿದೆ.

ನಾವು ವಾಡಿಕೆಯಿಂದ ಪಿಂಗಾಣಿಯೆಂದೂ ಕರಾವಳಿಯವರು ಭರಣಿಯೆಂದೂ ಕರೆಯುವ ಈ ಪಾತ್ರೆ ವಾಸ್ತವವಾಗಿ ಪಿಂಗಾಣಿಯಲ್ಲ. ನಿಜವಾದ ಪಿಂಗಾಣಿಯನ್ನು ಕಾಣಬೇಕೆಂಬವರು ಮಲ್ಲೇಶ್ವರದ ಪಿಂಗಾಣಿ ಕಾರ್ಖಾನೆಯಲ್ಲಿ ತಯಾರಾದ ವಿದ್ಯುತ್ ಇನ್ಸುಲೇಟರುಗಳನ್ನು ನೋಡಬಹುದು. ಜಾಡಿ ಸ್ಟೋನ್‌ವೇರ್ ಎಂಬ ಜಾತಿಯದು. ಕುಂಬಾರನ ಮಡಕೆ ಸಾಮಾನ್ಯವಾಗಿ 1000 ಡಿಗ್ರಿಯೊಳಗಿನ ಶಾಖದಲ್ಲಿ ಬೆಂದು ಸರಂಧ್ರವಾಗಿಯೇ ಉಳಿದರೆ, ಇದರ ಮಣ್ಣು 1200 ಡಿಗ್ರಿಯ ಸುಮಾರಿನ ಆವಿಗೆಯಲ್ಲಿ ಕಲ್ಲಿನಂತೆ ಬೆಸೆದುಕೊಂಡು, ತಾಮ್ರಕ್ಕೆ ಕಿಲುಬು ಹಿಡಿಸುವ ಉಪ್ಪು ಹುಳಿಗಳನ್ನೂ ವರ್ಷಗಟ್ಟಲೆ ನಿರ್ವಿಕಾರವಾಗಿ ಧರಿಸಬಲ್ಲುದು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಶುಂಠಿ, ಮೆಣಸು, ನಿಂಬೆ, ಮಾವುಗಳನ್ನು ಉಪ್ಪಿನಲ್ಲಿಟ್ಟ ದೊಡ್ಡ ಜಾಡಿಗಳನ್ನು ಉಡುಗೊರೆಯಾಗಿ ಪಡೆದುದನ್ನು ಹೇಳುತ್ತಾನೆ. ಅವುಗಳ ಹೆಸರು ಬರ್ಮಾದ ರೇವುಪಟ್ಟಣವಾದ ಮರ್ತಬಾನಿನದು. ಎರಡು ಬಣ್ಣಗಳ ವೇಷವಾದರೋ ಬಹಳ ಈಚಿನದು: ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ 1835ರ ಸುಮಾರಿಗೆ ರೂಢಿಗೆ ಬಂದ ಮೆರುಗಿನಿಂದ ಹುಟ್ಟಿದ್ದು.

ಜಾಡಿಯ ಯೋಗ್ಯತೆಯನ್ನು ಅದರ ಮುಖದಲ್ಲಿ ಹುಡುಕುವವರು ಮೋಸಹೋಗುತ್ತಾರೆ; ಬೋರಲು ಹಾಕಬೇಕು. ಮೆರುಗು ಹತ್ತದ ತಳದ ಅಂಚಿನ ಮೇಲೆ ಒಂದು ಹನಿ ನೀರಿಟ್ಟರೆ, ಸಾಮಾನ್ಯ ಮಣ್ಣು ಅದನ್ನು ಬೇಗನೆ ಹೀರಿಕೊಳ್ಳುತ್ತದೆ, ಸ್ಟೋನ್‌ವೇರ್ ಹಾಗೆಯೇ ನಿಲ್ಲಿಸಿಕೊಳ್ಳುತ್ತದೆ. ಅಲ್ಲಿಯೇ ಒತ್ತಿದ ಮುದ್ರೆಯಿದ್ದರೆ, ಬಂಗಾಳದ ರಾಣಿಗಂಜಿನ ಬರ್ನ್ ಕಂಪನಿಯದೋ ಇಂಗ್ಲೆಂಡಿನ ಡೆನ್ಬಿಯ ಬೋರ್ನ್ ಕಂಪನಿಯದೋ, ಊರೂ ಕಾಲವೂ ಅಂದಾಜಿಗೆ ಸಿಕ್ಕುತ್ತವೆ. ಮೈಮೇಲೆ ಕಿತ್ತಳೆಯ ಸಿಪ್ಪೆಯಂತಹ ಸಣ್ಣ ಸಣ್ಣ ಗುಳಿಗಳಿದ್ದರೆ, ಕಾದ ಆವಿಗೆಗೆ ಉಪ್ಪನ್ನೆರಚಿ ಮೆರುಗು ತಂದ ಹಳೆಯ ವಿಧಾನವೆನ್ನಬಹುದು. ಕೊನೆಗೆ ಬೆರಳ ಗಿಣ್ಣಿನಿಂದ ತಟ್ಟಿ ನೋಡಬೇಕು; ಸೀಳಿದ್ದ ಜಾಡಿಯ ದನಿ ಮಂಕಾಗುತ್ತದೆ.

ಬೆಲೆಯ ವಿಷಯದಲ್ಲಿ ನನ್ನ ಮಾತು ಹಲವರಿಗೆ ರುಚಿಸದು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ಇಂತಹ ಪಾತ್ರೆ ಪುರಾವಸ್ತುವೆನಿಸಲು ನೂರು ವರ್ಷ ಕಳೆದಿರಬೇಕು. ವಿಜಯನಗರ, ಬಸವೇಶ್ವರನಗರಗಳ ಅಟ್ಟಗಳಿಂದಿಳಿಯುವ ಜಾಡಿಗಳಲ್ಲಿ ಬಹುಪಾಲು ಅಷ್ಟು ಹಿರಿಯವಲ್ಲ. ಮೂಲದ ಮುಚ್ಚಳ, ಚಕ್ಕೆಯೇಳದ ಬಾಯಿ, ಸ್ಪಷ್ಟವಾದ ಮುದ್ರೆ, ಅಪರೂಪದ ಗಾತ್ರ ಇವು ಕೂಡಿದಾಗಲೇ ಸಂಗ್ರಾಹಕ ಕೈಚೀಲ ಬಿಚ್ಚುತ್ತಾನೆ.

ದುರಸ್ತಿಯಲ್ಲಿ ಅವಸರವೇ ಶತ್ರು. ಕಕ್ಕಸು ತೊಳೆಯುವ ಆಮ್ಲ, ತಂತಿಯ ಬ್ರಷ್ಷು, ಕುದಿನೀರು ಇವು ಮೂರೂ ವರ್ಜ್ಯ. ಬಿರುಕಿನಲ್ಲಿ ಬೆಳ್ಳಗೆ ಅರಳುವುದು ಬೂಷ್ಟಲ್ಲ, ಒಳಗಿಳಿದ ಉಪ್ಪು. ತಣ್ಣೀರಿನಲ್ಲಿ ಮುಳುಗಿಸಿ ಪ್ರತಿದಿನವೂ ನೀರು ಬದಲಿಸಿದರೆ ಅದು ಮೆಲ್ಲಮೆಲ್ಲನೆ ಹೊರಬರುತ್ತದೆ. ಒಡೆದ ಚೂರುಗಳನ್ನು ಜೋಡಿಸಲು ವಸ್ತುಸಂಗ್ರಹಾಲಯದವರು, ಬೇಕೆಂದಾಗ ಮತ್ತೆ ಕರಗಿಸಿ ಬಿಡಿಸಬಹುದಾದ ಅಕ್ರಿಲಿಕ್ ಅಂಟನ್ನು ಬಳಸುತ್ತಾರೆ; ಬಜಾರಿನ ಎಪಾಕ್ಸಿ ಗಟ್ಟಿಯಾದೀತು, ಆದರೆ ತಪ್ಪಿದ ಜೋಡಣೆಯನ್ನು ತಿದ್ದಲು ಎಡೆಗೊಡದು. ಎರಡರಲ್ಲಿ ಯಾವುದರಿಂದ ಅಂಟಿಸಿದರೂ ಆ ಜಾಡಿಗೆ ಮತ್ತೆ ಮಾವಿನಮಿಡಿಯನ್ನು ತುಂಬಬಾರದು.

ಅಜ್ಜಿಯ ಜಾಡಿಯ ತಳದಲ್ಲಿ ಮುದ್ರೆಯಿಲ್ಲ; ಕೂದಲೆಳೆಯಂಥ ಒಂದು ಸೀಳಿದೆ. ಮೂರು ವಾರ ನೀರಿನಲ್ಲಿಟ್ಟು, ನೆರಳಿನಲ್ಲಿ ಆರಿಸಿ, ಈಗ ಬಾಗಿಲ ಬಳಿ ಕೊಡೆಗಳಿಗಾಗಿ ನಿಲ್ಲಿಸಿದ್ದೇನೆ. ಮೊನ್ನೆ ಬಿಸಿಲೇರಿದಾಗ ಆ ಸೀಳಿನುದ್ದಕ್ಕೂ ಬಿಳಿಯ ಗೆರೆಯೊಂದು ಮತ್ತೆ ಮೂಡಿತ್ತು. ಬೆರಳಿಗೆ ಹತ್ತಿಸಿಕೊಂಡು ನಾಲಗೆಗಿಟ್ಟರೆ, ಇನ್ನೂ ಉಪ್ಪು.